ನಿಂತ ಗಾಡಿಯ ಭಾರ: ಹುಬ್ಬಳ್ಳಿ–ಧಾರವಾಡದ ಹಿರಿಯ ಸವಾರರ ಬಗ್ಗೆ ಒಂದು ಟಿಪ್ಪಣಿ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಮೋಟಾರ್ ಸೈಕಲ್ಲುಗಳು ಹೊರಬೀಳತೊಡಗಿದ್ದು 1961ರಲ್ಲಿ. ಅದರ ಮರುವರ್ಷ ಹುಬ್ಬಳ್ಳಿ ಮತ್ತು ಧಾರವಾಡಗಳನ್ನು ಕೂಡಿಸಿ ಒಂದೇ ಪಾಲಿಕೆ ಮಾಡಲಾಯಿತು. ಸುಮಾರು ಇಪ್ಪತ್ತು ಕಿಲೋಮೀಟರ್ ಅಂತರದ ಈ ಎರಡು ಊರುಗಳಲ್ಲಿ ಬದುಕು ಹಂಚಿಹೋದವರು ಬಹಳ. ಮನೆ ಧಾರವಾಡದಲ್ಲಿ, ನೌಕರಿ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ. ಇಲ್ಲವೆ ಮನೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಪಾಠ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ. ಇಂಥವರಿಗೆ ಗಾಡಿ ಶೋಕಿಯ ಮಾತಾಗಿರಲಿಲ್ಲ. 1972ರಲ್ಲಿ ಬಜಾಜ್ ಚೇತಕ್ ಮತ್ತು ಲೂನಾ, 1984ರಲ್ಲಿ ಕೈನೆಟಿಕ್ ಹೋಂಡಾ, 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದವು. ಸ್ಕೂಟರಿಗೆ ಹಣ ಕಟ್ಟಿ ವರ್ಷಗಟ್ಟಲೆ ಪಾಳಿ ಕಾದ ಕಾಲ ಅದು. 1985ರಲ್ಲಿ ಮೂವತ್ತರ ಹರೆಯದಲ್ಲಿದ್ದವರು ಈಗ ಎಪ್ಪತ್ತು ಮುಟ್ಟಿದ್ದಾರೆ.

ಈ ಟಿಪ್ಪಣಿಯ ವಿಷಯ ಅವರೇ. ಅವರ ತಂದೆ-ತಾಯಿಯರ ತಲೆಮಾರು ಸೈಕಲ್ಲು, ಟಾಂಗಾ, ಬಸ್ಸುಗಳಲ್ಲೇ ಮುಪ್ಪಿಗೆ ಬಂತು. ದುಡಿಮೆಯ ವಯಸ್ಸಿಡೀ ಇಂಜಿನ್ನಿನ ಗಾಡಿ ಹೊಡೆದು, ಅದರ ಮೇಲೇ ಮುಪ್ಪಿಗೆ ಕಾಲಿಟ್ಟವರು ಅವಳಿ ನಗರದಲ್ಲಿ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಇರುವುದು ಇದೇ ಮೊದಲು. ಅದರಲ್ಲೂ ಲೂನಾ, ಕೈನೆಟಿಕ್‌ಗಳ ದೆಸೆಯಿಂದ ಸವಾರಿ ಕಲಿತ ಶಿಕ್ಷಕಿಯರು, ಬ್ಯಾಂಕ್ ನೌಕರಿಯ ಹೆಣ್ಣುಮಕ್ಕಳು ಈಗ ನಿವೃತ್ತರು. ಅವರನ್ನು ಯಾರೂ ಹಿರಿಯ ಸವಾರರೆಂದು ಎಣಿಸಿದಂತೆ ಕಾಣುವುದಿಲ್ಲ.

ಧಾರವಾಡದಲ್ಲಿ ಬೆಳಿಗ್ಗೆ ಆರರ ಹೊತ್ತಿಗೆ ಕೆಸಿಡಿ (ಕರ್ನಾಟಕ ಕಾಲೇಜು) ಮೈದಾನದ ಬಳಿ ಹೋದರೆ ಸಾಲಾಗಿ ನಿಂತ ಗಾಡಿಗಳು ಕಾಣುತ್ತವೆ. ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆ, ನೃಪತುಂಗ ಬೆಟ್ಟದ ಬುಡದಲ್ಲೂ ಇದೇ ನೋಟ. ವಾಕಿಂಗಿಗೆ ಬಂದವರು ಗಾಡಿಯ ಮೇಲೆ ಬಂದಿದ್ದಾರೆ. ಮನೆಯಿಂದಲೇ ನಡೆಯಬಾರದೇ ಎಂದು ಮಕ್ಕಳು ಕೇಳುವುದುಂಟು. ಫುಟ್‌ಪಾತು ಅಲ್ಲಲ್ಲಿ ಕಡಿದುಹೋದ, ನಾಯಿಗಳ ಹಿಂಡು ಅಡ್ಡಾಡುವ ಓಣಿಗಳಲ್ಲಿ ಕತ್ತಲು ಹರಿಯುವ ಮುಂಚೆ ನಡೆಯುವುದಕ್ಕಿಂತ ಮೈದಾನದ ತನಕ ಗಾಡಿ ಹೊಡೆಯುವುದು ಹಿರಿಯರ ಲೆಕ್ಕದಲ್ಲಿ ಸುರಕ್ಷಿತ. ಅವರ ಲೆಕ್ಕ ತಪ್ಪೆಂದು ನನಗೆ ಅನಿಸುವುದಿಲ್ಲ. ಗಾಡಿ ಸವಾರಿ ತಾನೇ ವ್ಯಾಯಾಮವಲ್ಲ ನಿಜ, ಆದರೆ ವ್ಯಾಯಾಮ, ಸಂತೆ, ಪೆನ್ಷನ್ನಿನ ಬ್ಯಾಂಕು, ಗೆಳೆಯರ ಕಟ್ಟೆ, ಸಂಗೀತದ ಬೈಠಕ್ಕು ಎಲ್ಲಕ್ಕೂ ಕರೆದೊಯ್ಯುವುದು ಅದೇ. ಮಕ್ಕಳು ಬೆಂಗಳೂರು, ಪುಣೆ ಸೇರಿದ ಮನೆಗಳಲ್ಲಿ ಗಾಡಿಯ ಕೀಲಿ ಕಸಿದರೆ ಇಷ್ಟೂ ಒಮ್ಮೆಲೇ ಕೈಬಿಡುತ್ತದೆ.

ಸವಾರಿಯಿಂದ ಮೆದುಳಿಗೆ ಲಾಭವಿದೆ ಎಂಬ ವಾದಕ್ಕೆ ಎರಡು ಅಧ್ಯಯನಗಳನ್ನು ಮತ್ತೆ ಮತ್ತೆ ಉದಾಹರಿಸುತ್ತಾರೆ. ಜಪಾನಿನ ತೊಹೊಕು ವಿಶ್ವವಿದ್ಯಾಲಯದ ರ‍್ಯೂತಾ ಕವಾಶಿಮಾ ಅವರದು 2009ರಲ್ಲಿ ಪ್ರಕಟವಾಯಿತು. ಹತ್ತು ವರ್ಷದಿಂದ ಗಾಡಿ ಮುಟ್ಟದಿದ್ದ ನಡುವಯಸ್ಸಿನ ಗಂಡಸರು ಎರಡು ತಿಂಗಳು ದಿನನಿತ್ಯ ಸವಾರಿ ಮಾಡಿದಾಗ ನೆನಪು ಮತ್ತು ಗಮನದ ಪರೀಕ್ಷೆಗಳಲ್ಲಿ ಸುಧಾರಿಸಿದರು ಎಂಬುದು ಅದರ ಸಾರ. ಇನ್ನೊಂದು ಕ್ಯಾಲಿಫೋರ್ನಿಯಾದ ಯುಸಿಎಲ್‌ಎ ಸಂಶೋಧಕರದು: ಇಪ್ಪತ್ತು ನಿಮಿಷದ ಸವಾರಿಯಿಂದ ಹೃದಯಬಡಿತ ಶೇ. 11ರಷ್ಟು ಏರಿತು, ಒತ್ತಡದ ಸೂಚಕವಾದ ಕಾರ್ಟಿಸಾಲ್ ಶೇ. 28ರಷ್ಟು ಇಳಿಯಿತು. ಮೊದಲನೆಯದರಲ್ಲಿ ಯಮಹಾ ಪಾಲುದಾರ, ಎರಡನೆಯದಕ್ಕೆ ಹಾರ್ಲೆ-ಡೇವಿಡ್ಸನ್ ಹಣ. ಪರೀಕ್ಷೆಗೆ ಒಳಗಾದವರೂ ಕಡಿಮೆ. ಮೊದಲನೆಯದರಲ್ಲಿ ಎಪ್ಪತ್ತರ ಅಜ್ಜಂದಿರಂತೂ ಇರಲಿಲ್ಲ. ಇವುಗಳಿಂದ ಹೊರಡುವ ತೀರ್ಮಾನ ಸಣ್ಣದು: ಸವಾರಿ ಗಮನ ಬೇಡುವ ಕೆಲಸ. ಹಿರಿಯರ ಪರವಾಗಿ ವಾದಿಸಲು ಇಷ್ಟೇ ಆಧಾರ ಸಾಲದು.

ಅಪಾಯದ ಕಡೆಯ ಆಧಾರ ಹೆಚ್ಚು ಗಟ್ಟಿಯಾಗಿದೆ. 2001ರಿಂದ 2008ರವರೆಗೆ ಅಮೆರಿಕದ ತುರ್ತು ಚಿಕಿತ್ಸಾ ಘಟಕಗಳಿಗೆ ಬಂದ ಸವಾರರ ದಾಖಲೆಗಳನ್ನು ಬ್ರೌನ್ ವಿಶ್ವವಿದ್ಯಾಲಯದವರು ನೋಡಿದರು. ಇಪ್ಪತ್ತು-ಮೂವತ್ತರ ಹರೆಯದವರಿಗಿಂತ ಅರವತ್ತು ದಾಟಿದವರಿಗೆ ಗಂಭೀರ ಗಾಯವಾಗುವ ಸಂಭವ ಎರಡೂವರೆ ಪಟ್ಟು, ಆಸ್ಪತ್ರೆಗೆ ದಾಖಲಾಗುವ ಸಂಭವ ಮೂರು ಪಟ್ಟು ಹೆಚ್ಚಿತ್ತು. ಎಲುಬು ಸವೆದಿರುತ್ತದೆ, ಎದೆಗೂಡು ಬಿರುಸಾಗಿರುತ್ತದೆ, ತಲೆಗೆ ಬಿದ್ದ ಸಣ್ಣ ಪೆಟ್ಟಿಗೂ ಒಳಗೆ ರಕ್ತ ಒಸರುತ್ತದೆ. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರಲ್ಲಿ ಈ ಭಯ ಇನ್ನೂ ಹೆಚ್ಚು. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ಶೇ. 44.5ರಷ್ಟು ಮಂದಿ ದ್ವಿಚಕ್ರ ವಾಹನದವರು. ಹೆಲ್ಮೆಟ್ಟು ತಲೆಗಾಯದ ಸಂಭವವನ್ನು ಶೇ. 69ರಷ್ಟು, ಸಾವಿನ ಸಂಭವವನ್ನು ಶೇ. 42ರಷ್ಟು ಇಳಿಸುತ್ತದೆಂದು ಕಾಕ್ರೇನ್ ಸಂಸ್ಥೆಯ ಸಮೀಕ್ಷೆ ಹೇಳುತ್ತದೆ. ಇಲ್ಲೇ ಸಂತಿಗೆ ಹೋಗಿ ಬರ್ತೀನಿ ಎಂದು ಹೆಲ್ಮೆಟ್ಟನ್ನು ಗೂಟಕ್ಕೆ ಬಿಟ್ಟು ಹೋಗುವ ಹಿರಿಯರಿಗೆ ಈ ಎರಡು ಅಂಕಿ ಸಾಕು.

ಆದರೆ ಹಿರಿಯರು ಬೀಳುವುದು ಎಲ್ಲಿ? ಮನೆಯವರ ಕಣ್ಣಿಗೆ ವೇಗವೇ ಶತ್ರು. ಅವಳಿ ನಗರದ ಹಿರಿಯ ಸವಾರರಲ್ಲಿ ವೇಗದ ಚಟ ಅಪರೂಪ. ಮೂವತ್ತು-ನಲವತ್ತರ ಮೇಲೆ ಮುಳ್ಳು ಏರುವುದಿಲ್ಲ. ನನ್ನ ವಾದ ಬೇರೆ. ಓಡುವ ಗಾಡಿಗಿಂತ ನಿಲ್ಲುವ, ನಿಂತ, ಆಗತಾನೇ ಹೊರಟ ಗಾಡಿಯೇ ಅವರಿಗೆ ಹೆಚ್ಚು ಕಠಿಣ. ಸಾಕಷ್ಟು ವೇಗದಲ್ಲಿರುವ ಗಾಡಿ ವಾಲಿದ ಕಡೆಗೆ ತಾನೇ ಹ್ಯಾಂಡಲ್ ತಿರುಗಿಸಿಕೊಂಡು ನೆಟ್ಟಗಾಗುತ್ತದೆ. ನಡಿಗೆಯ ವೇಗಕ್ಕೆ ಇಳಿದಾಗ ಆ ಗುಣ ಇಲ್ಲವಾಗಿ ಸಮತೋಲನದ ಪೂರ್ತಿ ಹೊಣೆ ಸವಾರನ ಸೊಂಟ, ತೊಡೆ, ಪಾದಗಳ ಮೇಲೆ ಬೀಳುತ್ತದೆ.

ಚೇತಕ್ ಸ್ಕೂಟರನ್ನೇ ನೋಡಿ. ಇಂಜಿನ್ನು ಬಲಮಗ್ಗುಲಿಗೆ. ಕ್ಲಚ್ಚು, ಗೇರು ಎರಡೂ ಎಡಗೈಯಲ್ಲಿ. ಮಣಿಕಟ್ಟು ತಿರುಚಿ ಗೇರು ಹಾಕಬೇಕು. ಹಿಂದಿನ ಬ್ರೇಕು ಬಲಪಾದದ ಕೆಳಗೆ. ಹೀಗಾಗಿ ನಿಲ್ಲುವಾಗ ನೆಲಕ್ಕೆ ಊರಲು ಉಳಿಯುವುದು ಎಡಗಾಲು ಒಂದೇ. ನಾವು ರಸ್ತೆಯ ಎಡಕ್ಕೆ ಸಾಗುವವರು. ಮಳೆನೀರು ಹರಿಯಲೆಂದು ರಸ್ತೆ ನಡುವಿನಿಂದ ಅಂಚಿಗೆ ಇಳಿಜಾರಾಗಿರುತ್ತದೆ. ಆದ್ದರಿಂದ ಎಡಗಾಲಿಗೆ ನೆಲ ಸಿಗುವುದು ಸ್ವಲ್ಪ ಕೆಳಗೆ, ಅದೂ ಕಡಿ, ಉಸುಕು ಜಮೆಯಾದ ಅಂಚಿನಲ್ಲಿ. ವಿಶ್ವವಿದ್ಯಾಲಯದ ಗುಡ್ಡದ ಏರಿನಲ್ಲಿ ಮುಂದಿನ ಆಟೋ ಗಕ್ಕನೆ ನಿಂತರೆ ಮೊಣಕಾಲು ಸವೆದ ಎಡಗಾಲು ನೂರು ಕಿಲೋ ಮೀರಿದ ಗಾಡಿಯನ್ನೂ ಹಿಂದೆ ಕೂತವರನ್ನೂ ಅರೆಗಳಿಗೆ ತಡೆದು ಹಿಡಿಯಬೇಕು. ಕಾಲು ಸೋತರೆ ಗಾಡಿ ನಿಂತಲ್ಲೇ ಮಗುಚುತ್ತದೆ. ಮೀಟರಿನಲ್ಲಿ ವೇಗ ಸೊನ್ನೆ ಇರುವಾಗಲೇ ತೊಡೆಯ ಕೀಲೆಲುಬು ಮುರಿಯುತ್ತದೆ. ಸುಮಾರು 190 ಕಿಲೋ ತೂಗುವ ಬುಲೆಟ್ಟಿನ ಮಾತಂತೂ ಹೇಳಲೇಬೇಕಿಲ್ಲ. ಅದನ್ನು ನಡುವಿನ ಸ್ಟ್ಯಾಂಡಿಗೆ ಹಚ್ಚುವ ಕೆಲಸವೇ ಎಷ್ಟೋ ಬೆನ್ನುಗಳನ್ನು ಹಿಡಿಸಿದೆ.

ಈಗ ಕಾನೂನನ್ನು ಈ ಬೆಳಕಿನಲ್ಲಿ ನೋಡಬೇಕು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ 55 ದಾಟಿದವರ ಲೈಸೆನ್ಸು ಐದು ವರ್ಷಕ್ಕೊಮ್ಮೆ ನವೀಕರಣಗೊಳ್ಳಬೇಕು. ನಲವತ್ತರ ಮೇಲಿನವರಿಗೆ ವೈದ್ಯರು ನಮೂನೆ 1ಎ ತುಂಬಿ ಕೊಡಬೇಕು. ಒಳ್ಳೆ ಹಗಲಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟು ಕಾಣುತ್ತದೆಯೇ, ಕೆಂಪು-ಹಸಿರು ತಿಳಿಯುತ್ತದೆಯೇ, ಇರುಳುಗಣ್ಣು ಇದೆಯೇ, ಕಿವಿ ಕೇಳುತ್ತದೆಯೇ, ಕೈಕಾಲು ಊನವೇ ಎಂದು ಅದು ಕೇಳುತ್ತದೆ. ಇವು ಬೇಕಾದ ಪ್ರಶ್ನೆಗಳೇ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ 25 ಮೀಟರ್ ದಾಟಲು ಎರಡು ಸೆಕೆಂಡಿಗೆ ತುಸು ಹೆಚ್ಚು ಹಿಡಿಯುತ್ತದೆ. ಬ್ರೇಕಿನ ಮೇಲೆ ಕೈ ಹೋಗುವುದು ಅರ್ಧ ಸೆಕೆಂಡು ತಡವಾದರೂ ಐದೂವರೆ ಮೀಟರ್ ಹೋಗಿಬಿಟ್ಟಿರುತ್ತದೆ. ಆದರೆ ಒಂಟಿ ಕಾಲಿನ ಮೇಲೆ ಎಷ್ಟು ಹೊತ್ತು ನಿಲ್ಲಬಲ್ಲಿರಿ, ಕತ್ತು ಹೊರಳಿಸಿ ಹೆಗಲ ಹಿಂದೆ ನೋಡಬಲ್ಲಿರಾ ಎಂದು ಯಾರೂ ಕೇಳುವುದಿಲ್ಲ. ಹದಿನೆಂಟರ ಹುಡುಗನಿಗೆ ಆರ್‌ಟಿಒ ಮೈದಾನದಲ್ಲಿ ಕಾಲೂರದೆ ಎಂಟರ ಆಕಾರದಲ್ಲಿ ಗಾಡಿ ಹೊಡೆಯಲು ಹೇಳುತ್ತಾರೆ. ನಿಧಾನಗತಿಯ ಸಮತೋಲನಕ್ಕೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಅದರ ಅಗತ್ಯ ಹೆಚ್ಚಿರುವ ಅರವತ್ತೈದರಲ್ಲಿ ಮಾತ್ರ ಕಾಗದ ಸಾಕು. ಲೈಸೆನ್ಸಿನ ಅವಧಿ ಮುಗಿದು ವರ್ಷ ದಾಟಿದ್ದರೆ ಮತ್ತೆ ಪರೀಕ್ಷೆ ಕೊಡಬೇಕು. ಐದು ವರ್ಷ ಬೇಗ ಸರಿದುಹೋಗುತ್ತದೆ. ದಿನಾಂಕ ಮರೆತವರು ಆಗ ಗೊಂದಲಕ್ಕೆ ಬೀಳುತ್ತಾರೆ.

ಕಾಲಿನ ಬಲವನ್ನು ಮನೆಯಲ್ಲೇ ನೋಡಿಕೊಳ್ಳಬಹುದು. 2022ರಲ್ಲಿ ಬ್ರೆಜಿಲ್‌ನ ಸಂಶೋಧಕರು 51ರಿಂದ 75 ವರ್ಷದ 1,702 ಜನರನ್ನು ಪರೀಕ್ಷಿಸಿ, ಹತ್ತು ಸೆಕೆಂಡು ಒಂಟಿ ಕಾಲಲ್ಲಿ ನಿಲ್ಲಲಾರದವರಿಗೆ ಮುಂದಿನ ವರ್ಷಗಳಲ್ಲಿ ಸಾವಿನ ಅಪಾಯ ಶೇ. 84ರಷ್ಟು ಹೆಚ್ಚೆಂದು ವರದಿ ಮಾಡಿದರು. ಅಧ್ಯಯನ ಸವಾರರ ಬಗ್ಗೆ ಅಲ್ಲ. ಆದರೂ ಗಾಡಿ ನಿಲ್ಲಿಸುವವನು ಮಾಡುವುದು ಅದನ್ನೇ. ಇನ್ನೊಂದು ಸುಲಭ ಪರೀಕ್ಷೆ: ಕೈ ಎದೆಗೆ ಕಟ್ಟಿ, ಮೂವತ್ತು ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರುತ್ತೀರಿ? ಅಮೆರಿಕದ ರೋಗ ನಿಯಂತ್ರಣ ಕೇಂದ್ರದ (ಸಿಡಿಸಿ) ಮಾನದಂಡದಲ್ಲಿ 65–69ರ ಗಂಡಸು ಹನ್ನೆರಡಕ್ಕಿಂತ, ಹೆಂಗಸು ಹನ್ನೊಂದಕ್ಕಿಂತ ಕಡಿಮೆ ಎದ್ದರೆ ಬೀಳುವ ಅಪಾಯವಿದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ 65 ಮೀರಿದವರಿಗೆ ವಾರಕ್ಕೆ 150 ನಿಮಿಷ ನಡಿಗೆಯಂಥ ಚಟುವಟಿಕೆ ಸಾಲದೆಂದು, ಸ್ನಾಯುಬಲದ ವ್ಯಾಯಾಮ ಎರಡು ದಿನ, ಸಮತೋಲನದ ವ್ಯಾಯಾಮ ಮೂರು ದಿನ ಬೇಕೆಂದು ಹೇಳಿತು. ಕೆಸಿಡಿ ಮೈದಾನದಲ್ಲಿ ಸುತ್ತು ಹಾಕುವವರು ಬಹುಮಟ್ಟಿಗೆ ಮೊದಲನೆಯದನ್ನಷ್ಟೇ ಮಾಡುತ್ತಾರೆ. ಗಾಡಿ ಬಿಡಬಾರದೆಂಬ ಆಸೆ ಇದ್ದವರಿಗೆ ಉಳಿದೆರಡು ಹೆಚ್ಚು ಮುಖ್ಯ.

ಕಣ್ಣಿನ ವಿಷಯದಲ್ಲಿ ಹಗಲು ಪಾಸಾದವರು ರಾತ್ರಿ ಪಾಸಾಗಬೇಕೆಂದಿಲ್ಲ. ಅರವತ್ತರಲ್ಲಿ ಪಾಪೆ ಕಿರಿದಾಗಿ ಮಸೂರ ಹಳದಿಗಟ್ಟಿ, ಕಣ್ಣಿನ ಒಳಪೊರೆಗೆ ಮುಟ್ಟುವ ಬೆಳಕು ಇಪ್ಪತ್ತರ ಹರೆಯದ ಮೂರನೆಯ ಒಂದು ಭಾಗದಷ್ಟು ಮಾತ್ರ. ಎದುರಿನ ಲೈಟಿನಿಂದ ಕಣ್ಣು ಕೋರೈಸಿದ ಮೇಲೆ ಸುಧಾರಿಸಿಕೊಳ್ಳಲು ಹೊತ್ತು ಹಿಡಿಯುತ್ತದೆ. ಬಿಆರ್‌ಟಿಎಸ್ ಎಂಬ ಪ್ರತ್ಯೇಕ ಪಥದ ಬಸ್ ವ್ಯವಸ್ಥೆ ಬಂದ ಮೇಲೆ ಹುಬ್ಬಳ್ಳಿ–ಧಾರವಾಡ ರಸ್ತೆಯ ನಡುಭಾಗ ಅದರ ಚಿಗರಿ ಬಸ್ಸಿನದಾಯಿತು. ಗಾಡಿಯವರು ಲಾರಿ, ಕಾರುಗಳ ಜೊತೆ ಅಂಚಿನ ಪಥದಲ್ಲಿ. ಬಲಕ್ಕೆ ಹೊರಳುವ ಜಾಗ ದೂರದೂರ ಇರುವುದರಿಂದ ಅಲ್ಲಿ ಹೆಗಲ ಹಿಂದೆ ನೋಡುವ ಕೆಲಸ ಬಹಳ. ಕತ್ತು ತಿರುಗದವರು ಕನ್ನಡಿಯನ್ನೇ ನಂಬುತ್ತಾರೆ. ಕನ್ನಡಿಯಲ್ಲಿ ಕಾಣದ ಮೂಲೆ ಪ್ರತಿ ಗಾಡಿಗೂ ಇದೆ.

ಹಿಂದೆ ಕೂತವರ ಬಗ್ಗೆ ಎರಡು ಮಾತು ಬೇಕೇ ಬೇಕು. ಸೀರೆಯುಟ್ಟು ಅಡ್ಡಲಾಗಿ ಕೂತ ಹಿರಿಯ ಹೆಣ್ಣುಮಗಳು ರಸ್ತೆಯ ಹಂಪಿನ ಮೇಲೆ ಬೀಳುವ ಭಯ ಹೆಚ್ಚು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದಂತೆ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಓಣಿಗಳಲ್ಲಿ ಜನರೇ ಸಿಮೆಂಟು ಸುರಿದು ಎಬ್ಬಿಸಿದ ಗಿಡ್ಡ, ಚೂಪು ದಿಬ್ಬಗಳ ಮೇಲೆ ಸ್ಕೂಟರಿನ ಹತ್ತು ಇಂಚಿನ ಗಾಲಿ ಹತ್ತಿ ಇಳಿದಾಗ ಹಿಡಿಕೆ ಹಿಡಿಯದ ಕೈ ಗಾಳಿಯಲ್ಲಿರುತ್ತದೆ. ಹಾಗೆಂದು ಹಿಂದಿನ ಸೀಟು ವಯಸ್ಸಾದವರಿಗೆ ನಿಷಿದ್ಧವೂ ಅಲ್ಲ. ಮೈಸೂರಿನ ಡಿ. ಕೃಷ್ಣಕುಮಾರ್ 2018ರ ಜನವರಿ 16ರಂದು ತಂದೆ ಬಿಟ್ಟುಹೋದ ಚೇತಕ್ ಮೇಲೆ ಎಪ್ಪತ್ತರ ಆಸುಪಾಸಿನ ತಾಯಿ ಚೂಡಾರತ್ನ ಅವರನ್ನು ಕೂರಿಸಿಕೊಂಡು ತೀರ್ಥಯಾತ್ರೆಗೆ ಹೊರಟರು. 2020ರ ಸೆಪ್ಟೆಂಬರಿನಲ್ಲಿ ಮರಳುವ ಹೊತ್ತಿಗೆ ಐವತ್ತು ಸಾವಿರ ಕಿಲೋಮೀಟರ್ ಮೀರಿತ್ತು. ನೇಪಾಳ, ಭೂತಾನ, ಮ್ಯಾನ್ಮಾರ್‌ಗಳನ್ನೂ ಕಂಡಿದ್ದರು. ತಾಯಿಯ ದೇಹಸ್ಥಿತಿಗೆ ತಕ್ಕ ವೇಗ, ತಕ್ಕ ವಿಶ್ರಾಂತಿ ಇದ್ದರೆ ಎಷ್ಟು ದೂರ ಸಾಧ್ಯ ಎಂಬುದಕ್ಕೆ ನಮ್ಮ ನಾಡಿನದೇ ದೃಷ್ಟಾಂತ ಅದು.

ಗಾಡಿ ಬಿಡುವುದು ಒಂದೇ ದಿನದ ತೀರ್ಮಾನ ಆಗಬೇಕಿಲ್ಲ. ಮೊದಲು ರಾತ್ರಿ ಸವಾರಿ ಹೋಗಲಿ. ಗಬ್ಬೂರಿನಿಂದ ನರೇಂದ್ರದ ತನಕದ ಬೈಪಾಸಿನ ಸಹವಾಸವೂ ಹೋಗಲಿ. 2021ರ ಜನವರಿಯಲ್ಲಿ ಇಟಿಗಟ್ಟಿ ಬಳಿಯ ಅಪಘಾತದಲ್ಲಿ ದಾವಣಗೆರೆಯ ಹೆಣ್ಣುಮಕ್ಕಳ ಬಲಿ ತೆಗೆದುಕೊಂಡ ರಸ್ತೆ ಅದು. ಹುಬ್ಬಳ್ಳಿಗೆ ಹೋಗಬೇಕಾದಾಗ ಗಾಡಿಯನ್ನು ನಿಲ್ದಾಣದ ಹತ್ತಿರ ಬಿಟ್ಟು ಚಿಗರಿ ಹತ್ತಬಹುದು. ಅದರ ಬಾಗಿಲು ನಿಲ್ದಾಣದ ಕಟ್ಟೆಯ ಸಮಕ್ಕೇ ಇರುವುದರಿಂದ ಮೊಣಕಾಲಿಗೆ ಮೆಟ್ಟಿಲ ಕಾಟವಿಲ್ಲ. ಆಮೇಲೆ ಬುಲೆಟ್ಟು ಕೊಟ್ಟು ಹಗುರ ಗಾಡಿಗೆ ಬರಬಹುದು. ಟಿವಿಎಸ್ ಎಕ್ಸೆಲ್ ತೊಂಬತ್ತು ಕಿಲೋ ಒಳಗಿನದು, ಎರಡೂ ಪಾದ ನೆಲಕ್ಕೆ ಸಿಗುತ್ತವೆ. ಗೇರಿಲ್ಲದ ಹೊಸ ಸ್ಕೂಟರುಗಳಲ್ಲಿ ಒಂದು ಬ್ರೇಕು ಒತ್ತಿದರೆ ಎರಡೂ ಗಾಲಿ ಹಿಡಿಯುವ ವ್ಯವಸ್ಥೆ ಇದೆ. ಮುಂದಿನ ಬ್ರೇಕಿಗೆ ಅಂಜಿ ಹಿಂದಿನದನ್ನಷ್ಟೇ ತುಳಿದು ರೂಢಿಯಾದ ಚೇತಕ್ ಕಾಲದವರಿಗೆ ಇದು ದೊಡ್ಡ ಅನುಕೂಲ. ಎಪ್ಪತ್ತರಲ್ಲಿ ಗಾಡಿ ಬದಲಿಸಿದವರು ಮೊದಲ ವಾರ ಖಾಲಿ ಮೈದಾನದಲ್ಲೇ ಹೊಡೆಯಲಿ. ಬಲಪಾದ ಇಲ್ಲದ ಬ್ರೇಕನ್ನು ಹುಡುಕುವುದನ್ನು ಬಿಡಲು ಅಷ್ಟು ದಿನ ಬೇಕು.

ಧಾರವಾಡದ ಕೆಎ-25, ಹುಬ್ಬಳ್ಳಿಯ ಕೆಎ-63 ಕಚೇರಿಗಳಿಗೆ ನನ್ನದೊಂದು ಸಲಹೆ. ತಿಂಗಳಿಗೊಂದು ಬೆಳಿಗ್ಗೆ ಪರೀಕ್ಷಾ ಮೈದಾನವನ್ನು ಅರವತ್ತು ದಾಟಿದವರಿಗೆ ತೆರೆದಿಡಲಿ. ಪಾಸು-ಫೇಲು ಬೇಡ, ಲೈಸೆನ್ಸಿನ ಹೆದರಿಕೆ ಬೇಡ. ತಮ್ಮದೇ ಗಾಡಿಯಲ್ಲಿ ಬಂದವರು ಎಂಟು ಹೊಡೆದು ನೋಡಲಿ, ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಲಿ, ಸ್ಟ್ಯಾಂಡು ಹಚ್ಚಿ ಇಳಿಸಲಿ. ಒಬ್ಬ ಫಿಸಿಯೋಥೆರಪಿಸ್ಟ್ ಪಕ್ಕದಲ್ಲಿ ನಿಂತು ಕಾಲು ಎಲ್ಲಿ ತಡವರಿಸಿತು, ಕತ್ತು ಎಷ್ಟು ಹೊರಳಿತು ಎಂದು ಬರೆದು ಅವರ ಕೈಗೇ ಕೊಡಲಿ. ಮೂರು ತಿಂಗಳು ಬಿಟ್ಟು ಮತ್ತೆ ಬಂದಾಗ ಅದೇ ಚೀಟಿಯ ಪಕ್ಕದಲ್ಲಿ ಹೊಸದನ್ನು ಬರೆಯಲಿ.