ಗಾವುದದಿಂದ ಗಂಟೆಗೆ

ಊರಿನಿಂದ ಊರಿಗೆ ಎಷ್ಟು ದೂರವೆಂದು ಕೇಳಿದರೆ ನಮ್ಮ ಪೂರ್ವಿಕರು ಕೂಗಳತೆ, ಹರದಾರಿ, ಗಾವುದಗಳ ಲೆಕ್ಕ ಹೇಳುತ್ತಿದ್ದರು. ದೂರವೆಂಬುದು ಅವರ ಪಾಲಿಗೆ ನಡೆಯುವವನ ಕಾಲಿಗೂ ಎಳೆಯುವ ಎತ್ತಿಗೂ ಸಂಬಂಧಪಟ್ಟ ವಿಷಯವಾಗಿತ್ತೇ ಹೊರತು, ನೆಲಕ್ಕೆ ಅಂಟಿಕೊಂಡ ಅಂಕಿಯಾಗಿರಲಿಲ್ಲ. ಅಂಥ ಅಂಕಿಯನ್ನು ಈ ಸೀಮೆಗೆ ತಂದವನು ಬ್ರಿಟಿಷ್ ಭೂಮಾಪಕ ವಿಲಿಯಂ ಲ್ಯಾಂಬ್ಟನ್. ಟಿಪ್ಪುವಿನ ಪತನವಾದ ಮರುವರ್ಷ, 1800ರ ಅಕ್ಟೋಬರಿನಲ್ಲಿ, ಆತನು ಬೆಂಗಳೂರಿನ ಹೊರವಲಯದ ಅಗರಂ ಮತ್ತು ಬಾಣಸವಾಡಿಗಳ ನಡುವೆ ನೂರು ಅಡಿಯ ಉಕ್ಕಿನ ಸರಪಳಿಯನ್ನು ಮತ್ತೆ ಮತ್ತೆ ಹಾಸಿ, ಏಳು ಮೈಲಿಗೆ ಮೀರಿದ ಒಂದು ಸರಳರೇಖೆಯನ್ನು ಅಳೆಯತೊಡಗಿ, ಡಿಸೆಂಬರಿನಲ್ಲಿ ಮುಗಿಸಿದನು. ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ, ಅಲ್ಲಿ ಸಲ್ಲದೆ ಹಿಂದಿರುಗಿದ್ದ ಸರಪಳಿಯದು! ಅರ್ಧ ದಿನದೊಳಗೆ ನಡೆದು ಮುಗಿಸಬಹುದಾದ ದಾರಿಗೆ ಸುಮಾರು ಎರಡು ತಿಂಗಳನ್ನು ವ್ಯಯಿಸಿದ ಆ ಮನುಷ್ಯನನ್ನು ಕಂಡು ದಾರಿಹೋಕರು ನಕ್ಕಿದ್ದರೂ ಆಶ್ಚರ್ಯವಿಲ್ಲ.

ಆದರೆ ಮೈಲಿಗಳ ಈ ರಾಜ್ಯಭಾರ ಬಹುಕಾಲ ನಡೆಯಲಿಲ್ಲ. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿನ ದಂಡಿಗೆ ರೈಲು ಬಂದ ಮೇಲೆ, ಗಾಡಿಯಲ್ಲಿ ದಿನಗಟ್ಟಲೆ ದೂರವಿದ್ದ ಮದರಾಸು ಒಂದು ರಾತ್ರಿಯ ದಾರಿಯಾಯಿತು; ಚಾಮರಾಜಪೇಟೆಯೂ, 1898ರ ಪ್ಲೇಗಿನ ಭೀತಿಯಲ್ಲಿ ರೂಪುಗೊಂಡ ಬಸವನಗುಡಿ ಮಲ್ಲೇಶ್ವರಗಳೂ ಹುಟ್ಟುವ ಹೊತ್ತಿಗೇ ಜನರು ರೈಲಿನ ವೇಳೆಯಲ್ಲಿ ದೂರವನ್ನು ಎಣಿಸತೊಡಗಿದ್ದರು. ವಿಮಾನವಾದರೋ ಮೊದಲು ನಮ್ಮ ಪಕ್ಕದಲ್ಲಿಯೇ ಹಾದುಹೋಯಿತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ತಂದ ಟಪಾಲನ್ನು ಅವರ ಸಂಗಡಿಗ ಪೈಲಟ್ ನೆವಿಲ್ ವಿನ್‌ಸೆಂಟನು ಮದರಾಸಿಗೆ ಒಯ್ಯುವಾಗ, ನಡುವೆ ಇಳಿದದ್ದು ಬಳ್ಳಾರಿಯಲ್ಲಿ. ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ತಲೆಯೆತ್ತಿದ್ದು ವಾಲಚಂದ್ ಹೀರಾಚಂದರು ಮೈಸೂರು ಸರಕಾರದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದಾಗ.

ಈಚಿನ ಅದ್ಭುತವೆಂದರೆ ಸ್ಯಾನ್ ಫ್ರಾನ್ಸಿಸ್ಕೋ. ಭೂಗೋಲದ ಮೇಲೆ ಬೆಂಗಳೂರಿನಿಂದ ಅಲ್ಲಿಗೆ ದಾರವೊಂದನ್ನು ಬಿಗಿಯಾಗಿ ಎಳೆದು ಹಿಡಿದರೆ ಅದು ಪೂರ್ವಕ್ಕೂ ಅಲ್ಲ, ಪಶ್ಚಿಮಕ್ಕೂ ಅಲ್ಲ, ಉತ್ತರ ಧ್ರುವದ ಕಡೆಗೆ ಏರಿ ಆರ್ಕ್ಟಿಕ್ ವಲಯದಲ್ಲಿ ಹಾದುಹೋಗುತ್ತದೆ. ಎರಡು ಊರುಗಳೂ ಉತ್ತರಾರ್ಧಗೋಳದಲ್ಲಿಯೇ, ಬಹುಮಟ್ಟಿಗೆ ಎದುರುಬದುರು ಮಗ್ಗುಲುಗಳಲ್ಲಿರುವುದೇ ಇದಕ್ಕೆ ಕಾರಣ. 2021ರ ಜನವರಿ 9ರ ರಾತ್ರಿ ಅಲ್ಲಿಂದ ಹೊರಟ ಏರ್ ಇಂಡಿಯಾ ವಿಮಾನವನ್ನು ಕ್ಯಾಪ್ಟನ್ ಝೋಯಾ ಅಗರ್‌ವಾಲ್ ಮತ್ತು ಅವರ ಸಂಗಡಿಗರಾದ ಮಹಿಳಾ ಪೈಲಟ್‌ಗಳು ಧ್ರುವಮಾರ್ಗದಲ್ಲಿಯೇ ನಡೆಸಿ, ಸುಮಾರು 14,000 ಕಿಲೋಮೀಟರುಗಳನ್ನು ಹದಿನೇಳು ಗಂಟೆಗಳಿಗೂ ತುಸು ಮೀರಿ ಕ್ರಮಿಸಿ, 11ರ ನಸುಕಿನಲ್ಲಿ ಇಲ್ಲಿಗೆ ಇಳಿಸಿದರು. ನಡುವಣ ಹತ್ತನೆಯ ತಾರೀಖು ಪ್ರಯಾಣಿಕರ ಪಾಲಿಗೆ ಬಹುಮಟ್ಟಿಗೆ ಇಲ್ಲವೇ ಆಯಿತು. ಅಂದಿನ ಸಂಧ್ಯಾವಂದನೆಯನ್ನು ಯಾವ ಸೂರ್ಯನಿಗೆ ಸಲ್ಲಿಸಬೇಕೆಂಬ ಪ್ರಶ್ನೆಯನ್ನು ಬಸವನಗುಡಿಯ ಜೋಯಿಸರ ಮುಂದಿಟ್ಟರೆ ಒಂದು ಸಂಜೆಯ ಚರ್ಚೆಗೆ ಸಾಕು.

ಆದುದರಿಂದ ಗಾಂಧಿಬಜಾರಿನ ತಾಯಿಯೊಬ್ಬರು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೆಲೆಸಿದ ಮಗಳ ಊರು ಎಷ್ಟು ದೂರವೆಂದು ಕೇಳಿದರೆ, ಕಿಲೋಮೀಟರುಗಳನ್ನು ಹೇಳದೆ “ಹದಿನೇಳು ಗಂಟೆ ಕಣಪ್ಪಾ” ಎನ್ನುವುದು ಸಹಜ. ಅದರ ಜೊತೆಗೆ ಅವರು ಇನ್ನೆರಡು ಗಂಟೆಗಳನ್ನು ಕೂಡಿಸುವುದೂ ಉಂಟು. ಊರೊಳಗೇ ಇದ್ದ ಎಚ್‌.ಎ.ಎಲ್. ನಿಲ್ದಾಣವನ್ನು ಬಿಟ್ಟು, 2008ರ ಮೇ ತಿಂಗಳಿನಿಂದ ವಿಮಾನಗಳು ದೇವನಹಳ್ಳಿಯ ಕಡೆ ಇಳಿಯತೊಡಗಿದುವಷ್ಟೆ. ಮಳೆಯ ಸಂಜೆ ಹೆಬ್ಬಾಳದ ಮೇಲ್ಸೇತುವೆಯಲ್ಲಿ ಸಿಕ್ಕಿಕೊಂಡವರಿಗೆ ಆ ಎರಡೂ ಸಾಲವು.