ಗಡುವಿಗೆ ಮೊದಲೇ ತೀರಿದ ಋಣ

ಹಿಂದಿನ ಕಾಲದಲ್ಲಿ ಸಾಲ ಕೊಟ್ಟವನು ತಗಾದೆಗಾಗಿ ತನ್ನ ಆಳನ್ನು ಸಾಲಗಾರನ ಜಗಲಿಯ ಮೇಲೆ ತಂದು ಕೂರಿಸುತ್ತಿದ್ದ ಪದ್ಧತಿಯನ್ನು ನಾವೆಲ್ಲರೂ ಹಿರಿಯರ ಬಾಯಿಂದ ಕೇಳಿದ್ದೇವೆ. ಆ ಆಳು ಎದ್ದು ಹೋಗುವವರೆಗೂ ಮನೆಯವರಿಗೆ ನೆಮ್ಮದಿಯಿಲ್ಲ. ಅವನ ಊಟದ ಖರ್ಚೂ ಸಾಲಗಾರನ ತಲೆಯ ಮೇಲೆಯೇ. ಒಂದು ಮನೆಗೆ ಒದಗುವ ಈ ಅವಸ್ಥೆಯು 1871ರಿಂದ 1873ರವರೆಗೆ ಫ್ರಾನ್ಸಿನಂತಹ ಮಹಾರಾಷ್ಟ್ರಕ್ಕೇ ಒದಗಿದ್ದಿತು. ಅದರ ಜಗಲಿಯ ಮೇಲೆ ಕುಳಿತಿದ್ದವನು ಒಬ್ಬ ಆಳಲ್ಲ, ಐವತ್ತು ಸಾವಿರ ಮಂದಿ ಜರ್ಮನ್ ಸೈನಿಕರು. ಅವರನ್ನು ಗಡುವಿಗೆ ಆರು ತಿಂಗಳು ಮುಂಚೆಯೇ ಎಬ್ಬಿಸಿ ಕಳುಹಿಸಿದುದು ಹೇಗೆ, ಅದಕ್ಕೆ ನೆರವಾದವರು ಯಾರು ಎಂಬುದೇ ಈ ಭಾಷಣದ ವಿಷಯ.

ಯುದ್ಧದ ಕಥೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. 1870ನೆಯ ಇಸವಿ ಜುಲೈ ತಿಂಗಳಿನಲ್ಲಿ ಮೂರನೆಯ ನೆಪೋಲಿಯನ್ ಚಕ್ರವರ್ತಿಯು ಪ್ರಷ್ಯದ ಮೇಲೆ ಯುದ್ಧ ಸಾರಿದನು; ಸೆಪ್ಟೆಂಬರ್ 2ರಂದು ಸೆಡಾನಿನಲ್ಲಿ ಸೈನ್ಯಸಮೇತನಾಗಿ ಸೆರೆಸಿಕ್ಕಿದನು. ಪ್ಯಾರಿಸ್ ನಗರವು ಮುತ್ತಿಗೆಯ ಹಸಿವಿನಿಂದ ಕಂಗೆಟ್ಟು ಮರುವರ್ಷದ ಜನವರಿಯ ಕೊನೆಯಲ್ಲಿ ಶರಣಾಯಿತು. 1871ನೆಯ ಮೇ 10ರಂದು ಫ್ರಾಂಕ್‌ಫರ್ಟಿನಲ್ಲಿ ಆದ ಸಂಧಿಯಂತೆ ಫ್ರಾನ್ಸು, ಬೆಲ್ಫೋರ್ ಕೋಟೆಯ ಸೀಮೆಯನ್ನುಳಿದು, ಆಲ್ಸೇಸ್ ಪ್ರಾಂತವನ್ನೂ ಲೊರೇನಿನ ಒಂದು ಭಾಗವನ್ನೂ ಬಿಟ್ಟುಕೊಟ್ಟಿತಲ್ಲದೆ, 500 ಕೋಟಿ ಫ್ರಾಂಕುಗಳನ್ನು ದಂಡವಾಗಿ ತೆರಲು ಒಪ್ಪಿಕೊಂಡಿತು. ಬಿಸ್ಮಾರ್ಕನು ಮೊದಲು ಕೇಳಿದ್ದು 600 ಕೋಟಿ. ಚೌಕಾಸಿಯಲ್ಲಿ ಒಂದು ನೂರು ಕೋಟಿ ಇಳಿದಿತ್ತು.

ಕರಾರು ಹೀಗಿದ್ದಿತು: ಮೊದಲ 200 ಕೋಟಿಯನ್ನು 1872ನೆಯ ಮೇ 1ರೊಳಗೆ ಮೂರು ಕಂತುಗಳಲ್ಲಿ ಸಲ್ಲಿಸತಕ್ಕದ್ದು, ಉಳಿದ 300 ಕೋಟಿಗೆ 1874ನೆಯ ಮಾರ್ಚ್ 2 ಕಡೆಯ ಗಡುವು, ಅದುವರೆಗೆ ವರ್ಷಕ್ಕೆ ನೂರಕ್ಕೆ ಐದರಂತೆ ಬಡ್ಡಿ. ಹಣ ಸಂದಂತೆಲ್ಲ ಸೈನ್ಯವು ಹಂತಹಂತವಾಗಿ ಹಿಂದೆಗೆಯುವುದು. ಸಲ್ಲುವವರೆಗೆ ಪೂರ್ವದ ಜಿಲ್ಲೆಗಳಲ್ಲಿಯೇ ಬೀಡುಬಿಟ್ಟಿರುವುದು. ಆ ಸೈನ್ಯದ ಅನ್ನ, ಮೇವು, ವಸತಿಗಳ ವೆಚ್ಚವೂ ಫ್ರಾನ್ಸಿನದೇ. ತಮ್ಮ ಊರಿನ ಚೌಕದಲ್ಲಿ ಪರರಾಜ್ಯದ ಕಹಳೆಯನ್ನು ದಿನವೂ ಕೇಳಬೇಕಾಗಿದ್ದ ನಾನ್ಸಿ, ವರ್ದೂನ್ ಮೊದಲಾದ ಪಟ್ಟಣಗಳ ಜನರಿಗೆ ಗಡುವೆಂಬುದು ಕಾಗದದ ಮೇಲಿನ ತಾರೀಖಾಗಿರಲಿಲ್ಲ.

ಈ ಭಾರವು ಅಡಾಲ್ಫ್ ತಿಯೇರನ ಹೆಗಲಿಗೆ ಬಂದಿತು. ಅವನು ಆಗ ಎಪ್ಪತ್ತನ್ನು ದಾಟಿದ ಮುದುಕ. ಫ್ರೆಂಚ್ ಮಹಾಕ್ರಾಂತಿಯ ಚರಿತ್ರೆಯನ್ನು ಬರೆದು ಹೆಸರಾದವನು. 1870ರಲ್ಲಿ ಯುದ್ಧ ಬೇಡವೆಂದು ಸಭೆಯಲ್ಲಿ ವಾದಿಸಿ ಬೈಗುಳವನ್ನು ತಿಂದವನು. ಅವನನ್ನು ಬರಿಯ ಪುಣ್ಯಪುರುಷನೆಂದು ಚಿತ್ರಿಸುವುದು ನಮಗೆ ಒಪ್ಪಿಗೆಯಲ್ಲ. ಸಂಧಿಗೆ ರುಜುವಾದ ತಿಂಗಳಿನಲ್ಲಿಯೇ ಪ್ಯಾರಿಸ್ಸಿನ ಕಮ್ಯೂನ್ ದಂಗೆಯನ್ನು ಅವನ ಸರ್ಕಾರವು ಸಾವಿರಾರು ಜನರ ರಕ್ತದಲ್ಲಿ ಅಡಗಿಸಿತು. ಆದರೆ ಹಣದ ವಿಷಯದಲ್ಲಿ ಅವನಿಗಿದ್ದ ಏಕಾಗ್ರತೆಯನ್ನು ಅವನ ಶತ್ರುಗಳೂ ಅಲ್ಲಗಳೆಯಲಿಲ್ಲ.

ಕೈಯಲ್ಲಿಲ್ಲದ ಹಣವನ್ನು ಎಲ್ಲಿಂದ ತರುವುದು? ಜನರಿಂದಲೇ ಸಾಲವೆತ್ತಬೇಕೆಂದು ತಿಯೇರನು ನಿಶ್ಚಯಿಸಿದನು. 1871ನೆಯ ಜೂನ್ 27ರಂದು 200 ಕೋಟಿ ಫ್ರಾಂಕುಗಳ ಸಾಲಕ್ಕೆ ಕರೆ ಹೊರಟಿತು. ವರ್ಷಕ್ಕೆ ಐದು ಫ್ರಾಂಕು ಬಡ್ಡಿ ತರುವ, ನೂರು ಫ್ರಾಂಕಿನ ಮುಖಬೆಲೆಯ ಪತ್ರವನ್ನು ಎಂಬತ್ತೆರಡೂವರೆ ಫ್ರಾಂಕಿಗೇ ಮಾರಿದರು. ಒಂದೇ ದಿನದಲ್ಲಿ ಬೇಕಾದುದರ ಎರಡರಷ್ಟಕ್ಕೂ ಮಿಕ್ಕಿ ಜನ ಬರೆಸಿಕೊಂಡರು. ಕಮ್ಯೂನಿನ ಬೆಂಕಿಯಲ್ಲಿ ಬೆಂದ ಪ್ಯಾರಿಸ್ಸಿನ ಕಟ್ಟಡಗಳು ಆಗಿನ್ನೂ ಬೂದಿಯಾಗಿ ಬಿದ್ದಿದ್ದುವೆಂಬುದನ್ನು ಇಲ್ಲಿ ನೆನೆಯಬೇಕು.

ಲೆಕ್ಕ ಬಲ್ಲ ಶ್ರೋತೃಗಳು ಇಲ್ಲೊಂದು ಸಂಗತಿಯನ್ನು ಗಮನಿಸಿಯೇ ಇರುತ್ತಾರೆ. ಜರ್ಮನಿಗೆ ತೆರಬೇಕಾದ ಬಡ್ಡಿ ನೂರಕ್ಕೆ ಐದು. ಹೊಸ ಸಾಲದ ಬಡ್ಡಿಯಾದರೋ ಎಂಬತ್ತೆರಡೂವರೆಗೆ ಐದು, ಅಂದರೆ ನೂರಕ್ಕೆ ಆರಕ್ಕೂ ಮೇಲೆ. ಸಾಹುಕಾರನ ದೃಷ್ಟಿಯಲ್ಲಿ ಇದು ಕೇವಲ ನಷ್ಟದ ಬಾಬು: ಕಡಿಮೆ ಬಡ್ಡಿಯ ಸಾಲವನ್ನು ಹೆಚ್ಚು ಬಡ್ಡಿಯ ಸಾಲದಿಂದ ತೀರಿಸುವವನುಂಟೆ? ಆದರೆ ಮೊದಲನೆಯ ಸಾಲದ ಜೊತೆಗೆ ಜಗಲಿಯ ಮೇಲೊಬ್ಬ ಆಳಿದ್ದನು; ಎರಡನೆಯದಕ್ಕೆ ಇರಲಿಲ್ಲ. ಹೆಚ್ಚಿನ ಬಡ್ಡಿಯು ಆ ಆಳು ಎದ್ದು ಹೋಗುವುದಕ್ಕೆ ತೆತ್ತ ಬೆಲೆ. ಋಣವು ತೀರಿತೆನ್ನುವುದಕ್ಕಿಂತ ಕೈ ಬದಲಾಯಿಸಿತೆನ್ನುವುದೇ ಸರಿ. ಗೆದ್ದವನಿಗೆ ತೆರಬೇಕಾದ ದಂಡವು ತನ್ನ ಪ್ರಜೆಗಳಿಗೆ ಕೊಡಬೇಕಾದ ಬಡ್ಡಿಯಾಗಿ ಮಾರ್ಪಟ್ಟಿತು.

ಅದೇ ವರ್ಷ ಅಕ್ಟೋಬರಿನಲ್ಲಿ ಅರ್ಥಮಂತ್ರಿ ಪುಯೇ-ಕೆರ್ತಿಯೇ ಎಂಬವನು ಬರ್ಲಿನ್ನಿಗೆ ಹೋಗಿ ಬಿಸ್ಮಾರ್ಕನೊಡನೆ ಹೊಸ ಏರ್ಪಾಡನ್ನು ಮಾಡಿಕೊಂಡು ಬಂದನು. ಅವನು ನಾರ್ಮಂಡಿಯ ಹತ್ತಿಗಿರಣಿಯ ಧಣಿ, ವ್ಯವಹಾರಚತುರ. ಅದರಂತೆ ಸೈನ್ಯವು ಇನ್ನೂ ಆರು ಜಿಲ್ಲೆಗಳನ್ನು ತೆರವುಮಾಡಿತು. ಪೂರ್ವದ ಆರು ಜಿಲ್ಲೆಗಳಲ್ಲಿ ಐವತ್ತು ಸಾವಿರ ಮಂದಿ ಮಾತ್ರ ಉಳಿದರು. 1872ರ ಮೊದಲಲ್ಲಿ ಫ್ರೆಂಚ್ ಮಹಿಳೆಯರು ನಾಡಿನ ಬಿಡುಗಡೆಗಾಗಿ ಚಂದಾ ಎತ್ತಲು ತೊಡಗಿದರು. ಕೂಡಿದ ಹಣವು ಬೇಕಾದುದರ ಮುಂದೆ ಹಿಡಿಯಷ್ಟೇ. ಆದರೂ ಅದನ್ನು ಹೇಳದೆ ಬಿಡಲು ನಮಗೆ ಮನಸ್ಸು ಬಾರದು.

ದೊಡ್ಡ ನೆರವು ಬಂದುದು ಆ ಬೇಸಗೆಯಲ್ಲಿ. 1872ನೆಯ ಜುಲೈ 28, 29ರಂದು 300 ಕೋಟಿಯ ಎರಡನೆಯ ಸಾಲವನ್ನೆತ್ತಿದಾಗ ಒಂಬತ್ತು ಲಕ್ಷಕ್ಕೂ ಮಿಕ್ಕಿದ ಮಂದಿ ಸುಮಾರು 4,300 ಕೋಟಿ ಫ್ರಾಂಕುಗಳನ್ನು ಕೊಡುವೆವೆಂದು ಮುಂದೆ ಬಂದರು. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶಗಳದು. ಜರ್ಮನಿಯ ಲೇವಾದೇವಿಗಾರರೂ ಅದರಲ್ಲಿ ಸೇರಿದ್ದರೆಂಬುದು ಚರಿತ್ರೆಯ ವಿನೋದಗಳಲ್ಲೊಂದು. ಈ ಅಂಕಿಯನ್ನು ಕಂಡು ಮರುಳಾಗಬೇಕಾಗಿಲ್ಲ. ಕೇಳಿದಷ್ಟು ಪತ್ರ ಸಿಕ್ಕುವುದಿಲ್ಲವೆಂದು ತಿಳಿದು, ಒಂದು ಬೇಕಾದವನು ಹತ್ತು ಬರೆಸಿದ್ದನು. ಅದನ್ನು ಕಳೆದು ನೋಡಿದರೂ, ಸೋತ ದೇಶವೊಂದರ ಮಾತಿನ ಮೇಲೆ ಜಗತ್ತು ಇಟ್ಟ ನಂಬಿಕೆಯು ಸಣ್ಣದಲ್ಲ.

ಹಣ ಕೂಡಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅದನ್ನು ಬರ್ಲಿನ್ನಿಗೆ ಮುಟ್ಟಿಸುವುದೇ ಮತ್ತೊಂದು ಸಮಸ್ಯೆ. ಚಿನ್ನ ಬೆಳ್ಳಿಗಳನ್ನೇ ಗಾಡಿಗಳಲ್ಲಿ ತುಂಬಿ ಕಳುಹಿಸಿದ್ದರೆ ದೇಶದಲ್ಲಿ ನಾಣ್ಯವೇ ಬತ್ತಿಹೋಗುತ್ತಿದ್ದಿತು. ಇಲ್ಲಿ ಫ್ರಾನ್ಸಿನ ಕೈ ಹಿಡಿದುದು ನಮ್ಮ ಪೇಟೆಯ ವರ್ತಕರಿಗೂ ಚಿರಪರಿಚಿತವಾಗಿದ್ದ ಹುಂಡಿ. ಲಿಯೋನಿನ ರೇಷ್ಮೆಯ ವ್ಯಾಪಾರಿಯೊಬ್ಬನು ಲಂಡನ್ನಿಗೆ ಸರಕು ಕಳುಹಿಸಿದ್ದಾನೆಂದು ಇಟ್ಟುಕೊಳ್ಳೋಣ. ಅವನಿಗೆ ಲಂಡನ್ನಿನಿಂದ ಬರಬೇಕಾದ ಹಣದ ಹುಂಡಿಯನ್ನು ಸರ್ಕಾರವು ಫ್ರಾಂಕು ಕೊಟ್ಟು ಕೊಂಡುಕೊಳ್ಳುವುದು. ಆ ಹುಂಡಿಯನ್ನೇ ಜರ್ಮನಿಗೆ ಒಪ್ಪಿಸುವುದು. ಜರ್ಮನಿಯು ಹಣವನ್ನು ಲಂಡನ್ನಿನಲ್ಲಿ ಪಡೆದುಕೊಳ್ಳುವುದು. ಹೀಗೆ ಒಂದು ಲಕ್ಷ ಇಪ್ಪತ್ತು ಸಾವಿರದಷ್ಟು ಹುಂಡಿಗಳು ಕೈ ದಾಟಿದುವು. ಸುಮಾರು 425 ಕೋಟಿ ಫ್ರಾಂಕು ಸಂದಾಯವಾದುದು ಈ ದಾರಿಯಲ್ಲಿಯೇ. ಫ್ರಾನ್ಸಿನ ಚಿನ್ನಬೆಳ್ಳಿಯ ನಾಣ್ಯಗಳಾಗಿ ಹೋದುದು ಸುಮಾರು 51 ಕೋಟಿ ಮಾತ್ರ. ಬಿಟ್ಟುಕೊಟ್ಟ ಪ್ರಾಂತಗಳ ರೈಲುದಾರಿಗಳಿಗೆ 32½ ಕೋಟಿಯನ್ನು ಮುಜರಾ ಹಾಕಿಕೊಟ್ಟರು. ಈ ಹುಂಡಿಗಳನ್ನು ಊರೂರುಗಳಿಂದ ಕೂಡಿಸಿಕೊಡುವುದಕ್ಕೆ ರಾಥ್‌ಚೈಲ್ಡರೇ ಮೊದಲಾದ ಯೂರೋಪಿನ ದೊಡ್ಡ ದೊಡ್ಡ ಕೋಠಿಗಳು ಒಕ್ಕೂಟವಾಗಿ ನಿಂತುವು. ಅವರು ಧರ್ಮಕ್ಕೆ ನಿಂತವರಲ್ಲ, ದಳ್ಳಾಳಿ ಪಡೆದೇ ನಿಂತವರು. ಇದಲ್ಲದೆ ಫ್ರೆಂಚರು ಹಿಂದಿನಿಂದಲೂ ಹೊರದೇಶಗಳಲ್ಲಿ ಹೂಡಿದ್ದ ಬಂಡವಾಳದ ಪತ್ರಗಳನ್ನು ಮಾರಿ ತಮ್ಮ ಸರ್ಕಾರದ ಪತ್ರಗಳನ್ನು ಕೊಂಡುದರಿಂದಲೂ ಪರದೇಶದ ಹಣವು ಧಾರಾಳವಾಗಿ ಒದಗಿತು. ಶಾಂತಿಯ ಕಾಲದ ಉಳಿತಾಯವು ಕಷ್ಟಕಾಲಕ್ಕೆ ಬಂದಿತು.

ಇಷ್ಟು ಹಣವನ್ನು ನುಂಗಿದ ಜರ್ಮನಿಗೆ ಅದು ಪೂರ್ತಿ ಜೀರ್ಣವಾಗಲಿಲ್ಲ. ಹೊಸ ಕಂಪೆನಿಗಳು ಅಣಬೆಗಳಂತೆ ಎದ್ದು, 1873ರ ಮುಗ್ಗಟ್ಟಿನಲ್ಲಿ ಅನೇಕವು ನೆಲಕಚ್ಚಿದುವು. 12 ಕೋಟಿ ಮಾರ್ಕುಗಳಷ್ಟು ಚಿನ್ನವನ್ನು ಸ್ಪಾಂಡೌ ಕೋಟೆಯ ಗೋಪುರದಲ್ಲಿ ಮುಂದಿನ ಯುದ್ಧಕ್ಕೆಂದು ಕೂಡಿಟ್ಟರು. 1914ರವರೆಗೂ ಅದು ಅಲ್ಲಿಯೇ ಇದ್ದಿತು.

1873ನೆಯ ಮಾರ್ಚ್ 15ರಂದು ಕೊನೆಯ ಕರಾರಾಯಿತು. ಉಳಿದ ಹಣವೆಲ್ಲವನ್ನೂ ಸೆಪ್ಟೆಂಬರ್ 5ರೊಳಗೆ ಸಲ್ಲಿಸುವುದು, ಸೈನ್ಯವು ಒಡನೆಯೇ ತೆರಳುವುದು. ಕೊನೆಯವರೆಗೆ ಒತ್ತೆಯಾಗಿರಬೇಕಾದುದು ಬೆಲ್ಫೋರ್ ಎಂದು ಜರ್ಮನರು ಹೇಳಿದಾಗ, ಅದು ಎಲ್ಲಿ ಕೈಬಿಟ್ಟುಹೋಗುವುದೋ ಎಂಬ ಭಯದಿಂದ ತಿಯೇರನು ಅದರ ಬದಲು ವರ್ದೂನನ್ನು ಒತ್ತೆಯಿಡಿಸಿದನು. ಆ ವಾರದಲ್ಲಿಯೇ ರಾಷ್ಟ್ರಸಭೆಯು ಅವನಿಗೆ ದೇಶದ ಕೃತಜ್ಞತೆಯನ್ನು ಸಲ್ಲಿಸಿತು. ಮೂರು ತಿಂಗಳು ಕಳೆಯುವುದರೊಳಗೆ, ಮೇ 24ರಂದು, ರಾಜಪಕ್ಷದವರು ಹದಿನಾರು ಮತಗಳ ಹೆಚ್ಚಳದಿಂದ ಅವನನ್ನು ಸೋಲಿಸಿದರು, ಅವನು ಅಧ್ಯಕ್ಷಪದವಿಯನ್ನು ಬಿಟ್ಟನು. ಕೆಲಸವು ಮುಗಿಯುವಂತಾಯಿತೆಂದ ಮೇಲೆ ಕೆಲಸಗಾರನು ಬೇಡವಾದನು. ಕೊನೆಯ ಕಂತು ಸೆಪ್ಟೆಂಬರ್ 5ಕ್ಕೆ ಸಂದಿತು. 13ರಂದು ವರ್ದೂನ್ ತೆರವಾಯಿತು. 16ರಂದು ಜರ್ಮನ್ ಸೈನ್ಯದ ಕೊನೆಯ ತುಕಡಿಯು ಗಡಿಯನ್ನು ದಾಟಿತು. ಆಲ್ಸೇಸಿನವರ ಪಾಲಿಗೆ ಮಾತ್ರ ಯಾವ ಕಂತೂ ಬಿಡುಗಡೆಯನ್ನು ತರಲಿಲ್ಲ.

ನಾಲ್ಕು ವರ್ಷಗಳ ತರುವಾಯ, 1877ನೆಯ ಜೂನ್ 16ರಂದು, ವರ್ಸೇಲ್ಸಿನ ಪ್ರತಿನಿಧಿಸಭೆಯಲ್ಲಿ ಮಂತ್ರಿಯೊಬ್ಬನು ನಾಡನ್ನು ಬಿಡಿಸಿದವರು 1871ರ ರಾಷ್ಟ್ರಸಭೆಯವರೆಂದು ತನ್ನ ಪಕ್ಷಕ್ಕೆ ಕೀರ್ತಿಯನ್ನು ಹಚ್ಚತೊಡಗಿದನು. ಎಂಬತ್ತು ವರ್ಷದ ತಿಯೇರನು ಸಾಮಾನ್ಯ ಸದಸ್ಯನಾಗಿ ತನ್ನ ಪೀಠದಲ್ಲಿ ಸುಮ್ಮನೆ ಕುಳಿತಿದ್ದನು. ಎಡಗಡೆಯ ಸದಸ್ಯರೆಲ್ಲರೂ ತಟ್ಟನೆ ಎದ್ದು ನಿಂತು, ಅವನ ಕಡೆಗೆ ಕೈಚಾಚಿ, ಬಿಡಿಸಿದವನು ಇಗೋ ಇಲ್ಲಿದ್ದಾನೆಂದು ಕೂಗಿದರು.