ಬ್ಯಾಲೆನ್ಸ್ ಶೀಟಿನಲ್ಲಿ ಕಾಣದ ಕಾಂಡ್ಲಾ ಕಾಡು

ಡೊಂಬಿವಲಿಯಿಂದ ಲೋಕಲ್ ಹಿಡಿದು ಬ್ಯಾಂಕಿಗೆ ಹೋಗಿಬರುವುದರಲ್ಲೇ ನನ್ನ ಮೂವತ್ತು ವರ್ಷ ಕಳೆಯಿತು. ಬೆಳಿಗ್ಗೆ ಕಿಟಕಿ ಪಕ್ಕದ ಸೀಟು ಸಿಕ್ಕಿದರೆ ಪುಣ್ಯ. ಸಿಕ್ಕಿದರೂ ವಿಕ್ರೋಳಿ ಬಂದಾಗ ಪೂರ್ವಕ್ಕೆ, ಹೆದ್ದಾರಿಯಾಚೆ ಒಂದು ಕಾಡಿದೆ ಅಂತ ಎಷ್ಟೋ ವರ್ಷ ನನಗೆ ಗೊತ್ತೇ ಇರಲಿಲ್ಲ. ಕುಂದಾಪುರದ ಕಡೆಯವನಾದ ನನಗೆ ಇದು ನಾಚಿಕೆಯ ಮಾತು. ನಮ್ಮೂರ ಹೊಳೆಯಂಚಿನ ಕಾಂಡ್ಲಾ ಗಿಡಗಳ ನಡುವೆ ಏಡಿ ಹಿಡಿದು ಬೆಳೆದವನು ನಾನು. "ಕಾಂಡ್ಲ ಕಡದ್ರೆ ದಂಡಿ ನಿಲ್ಲುದಿಲ್ಲ ಮಗಾ" ಅಂತ ದೊಡ್ಡಪ್ಪ ಹೇಳುತ್ತಿದ್ದರು. ಇಲ್ಲಿ ಮರಾಠಿಯಲ್ಲಿ ಅದನ್ನೇ ಕಾಂದಳವನ ಅನ್ನುತ್ತಾರೆ. ಹೆಸರೂ ನೆಂಟಸ್ತಿಕೆಯದೇ!

ಈಗ ನನ್ನ ತಪ್ಪೊಪ್ಪಿಗೆ. 2004ರಲ್ಲಿ ಖಾಡಿಯ ಪಕ್ಕದ ಒಂದು ಕಟ್ಟಡದ ಗೃಹಸಾಲದ ಫೈಲುಗಳು ನನ್ನ ಮೇಜಿಗೆ ಬಂದವು. "ನಿರುಪಯೋಗಿ ಜೌಗು ಜಾಗ, ಭರ್ತಿ ಮಾಡಿ ಅಭಿವೃದ್ಧಿಪಡಿಸಲಾಗಿದೆ" ಅಂತ ಮೌಲ್ಯಮಾಪಕರು ಬರೆದಿದ್ದರು. ಕಾಗದಪತ್ರ ಸರಿಯಾಗಿದ್ದವು, ಸಹಿ ಹಾಕಿದೆ. ಮರುವರ್ಷ ಜುಲೈ 26. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ, ಜೊತೆಗೆ ಸಮುದ್ರದ ಭರತ. ಕೆಲವು ದಿನಗಳಲ್ಲಿ ಅದೇ ಕಟ್ಟಡದವರು ಕಂತು ಮುಂದೂಡಿ ಎಂದು ಕೇಳಿಕೊಂಡು ಬಂದರು. ಕೆಳ ಮಹಡಿಯಲ್ಲಿ ಎದೆಮಟ್ಟ ನೀರು ನಿಂತಿತ್ತಂತೆ. ಅಂಥ ಮಳೆಗೆ ಕಾಂಡ್ಲಾ ಒಂದೇ ಮದ್ದು ಅಂತ ನಾನು ಹೇಳಲಾರೆ. ಆದರೆ ಮೀಠಿ ನದಿಯ ಜೌಗು ತುಂಬಿಸಿ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ಕಟ್ಟಿದ ಊರಿನಲ್ಲಿ ನೀರು ಹರಡಿಕೊಳ್ಳಲು ಜಾಗ ಎಷ್ಟು ಉಳಿದಿತ್ತು? 'ನಿರುಪಯೋಗಿ' ಎಂಬ ಆ ಶಬ್ದ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಆಮೇಲೆ ಈ ವಿಷಯ ಓದತೊಡಗಿದೆ. ವಿಕ್ರೋಳಿಯ ಜಮೀನಿನ ದೊಡ್ಡ ಭಾಗವನ್ನು 1940ರ ದಶಕದಲ್ಲಿ ಪಿರೋಜ್‌ಶಾ ಗೋದ್ರೆಜ್ ಕೊಂಡರು. ಕಾರ್ಖಾನೆ, ಕಾಲೊನಿ ಎದ್ದವು. ಖಾಡಿ ಕಡೆಯ ಕಾಂಡ್ಲಾ ಕಾಡನ್ನು ಮಾತ್ರ ಉಳಿಸಿಕೊಂಡರು. 1985ರಲ್ಲಿ ಅಲ್ಲಿ ಸೂನಾಬಾಯಿ ಪಿರೋಜ್‌ಶಾ ಗೋದ್ರೆಜ್ ಮೆರೈನ್ ಇಕಾಲಜಿ ಸೆಂಟರ್ ಶುರುವಾಯಿತು. ಚದರಡಿಗೆ ಚಿನ್ನದ ಬೆಲೆಯಿರುವ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಆದರೆ ಒಬ್ಬ ಮಾಲೀಕರ ಒಳ್ಳೆಯತನದಿಂದ ಊರೆಲ್ಲ ಉಳಿಯುವುದಿಲ್ಲ. 1991ರಲ್ಲೇ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂದಿದ್ದರೂ ರಾತ್ರಿ ಲಾರಿಗಳಲ್ಲಿ ಡೆಬ್ರಿ ಬಂದು ಬೀಳುವುದು ನಿಂತಿರಲಿಲ್ಲ. ಮರ ಕೊಲ್ಲಲು ಕೊಡಲಿಯೇ ಬೇಕೆಂದಿಲ್ಲ. ಭರತದ ನೀರು ಬರುವ ಕಾಲುವೆಗೆ ಮಣ್ಣು ಸುರಿದರೆ ಸಾಕು. ಕೆಸರಿನಿಂದ ಮೇಲೆದ್ದ ಉಸಿರಾಟದ ಬೇರುಗಳು ಹೂತುಹೋಗಿ ಮರ ನಿಂತಲ್ಲೇ ಒಣಗುತ್ತದೆ. ಬಾಂಬೆ ಎನ್ವಿರಾನ್‌ಮೆಂಟಲ್ ಆಕ್ಷನ್ ಗ್ರೂಪ್ ಹೈಕೋರ್ಟಿಗೆ ಹೋಯಿತು. 2005ರ ಅಕ್ಟೋಬರಿನಲ್ಲಿ ಮಧ್ಯಂತರ ಆದೇಶ ಬಂತು: ಕಾಂಡ್ಲಾ ಕಡಿಯುವಂತಿಲ್ಲ, ಸುತ್ತ 50 ಮೀಟರಿನೊಳಗೆ ಕಟ್ಟುವಂತಿಲ್ಲ, ಸರ್ಕಾರಿ ಜಾಗದಲ್ಲಿರುವುದನ್ನು ಸಂರಕ್ಷಿತ ಅರಣ್ಯವೆಂದು ಘೋಷಿಸಬೇಕು. 2018ರ ಸೆಪ್ಟೆಂಬರಿನಲ್ಲಿ ಅಂತಿಮ ತೀರ್ಪು. ಈ ಕಾಡಿನ ನಾಶ ಜೀವಿಸುವ ಹಕ್ಕಿಗೇ ಧಕ್ಕೆ ಎಂದಿತು ಕೋರ್ಟು.

ನಡುವೆ 2012ರಲ್ಲಿ ಮಹಾರಾಷ್ಟ್ರ ಅರಣ್ಯ ಇಲಾಖೆ ಮ್ಯಾಂಗ್ರೋವ್ ಸೆಲ್ ತೆರೆಯಿತು, 2015ರಲ್ಲಿ ಅದರ ಜೊತೆಗೊಂದು ಫೌಂಡೇಶನ್ ಬಂತು. 2014ರ ಏಪ್ರಿಲಿನಿಂದ ದೊಡ್ಡ ಕಂಪನಿಗಳು ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕೆಂಬ ಕಾನೂನು ಜಾರಿಯಾಗಿದ್ದರಿಂದ ಖಾಸಗಿ ಹಣಕ್ಕೂ ದಾರಿಯಾಯಿತು. 2015ರಲ್ಲೇ ಠಾಣೆ ಖಾಡಿಯ ಒಂದು ಭಾಗ ಫ್ಲೆಮಿಂಗೋ ಅಭಯಾರಣ್ಯವಾಯಿತು, 2022ರಲ್ಲಿ ರಾಮ್‌ಸಾರ್ ತಾಣವೂ ಆಯಿತು.

ಎಲ್ಲ ಸುಖಾಂತವೇನಲ್ಲ. 2022ರ ಡಿಸೆಂಬರಿನಲ್ಲಿ ಬುಲೆಟ್ ಟ್ರೇನಿಗಾಗಿ ಇಪ್ಪತ್ತು ಸಾವಿರದ ಆಸುಪಾಸು ಕಾಂಡ್ಲಾ ಮರ ಕಡಿಯಲು ಅದೇ ಹೈಕೋರ್ಟು ಷರತ್ತಿನ ಮೇಲೆ ಅನುಮತಿ ಕೊಟ್ಟಿತು. ಬದಲಿಗೆ ಬೇರೆಡೆ ಸಸಿ ನೆಡುತ್ತಾರೆ, ನಿಜ. ಆದರೆ ಹಳೆಯ ಠೇವಣಿ ಮುರಿದು ಹೊಸ ಖಾತೆ ತೆರೆದರೆ ಮೊದಲ ದಿನವೇ ಬಡ್ಡಿ ಬರುವುದಿಲ್ಲ ಎಂದು ಬ್ಯಾಂಕಿನವನಾದ ನನಗೆ ಗೊತ್ತು. ಭರತದ ನೀರು ತಲುಪದ ಜಾಗದಲ್ಲಿ ನೆಟ್ಟರಂತೂ ಅಸಲೂ ಇಲ್ಲ.

ಕಳೆದ ಚಳಿಗಾಲದಲ್ಲಿ ಮಗಳನ್ನು ಕರೆದುಕೊಂಡು ಐರೋಲಿಗೆ ಹೋಗಿದ್ದೆ. ದೋಣಿಯಿಂದ ಫ್ಲೆಮಿಂಗೋ ನೋಡುತ್ತಾ ಅವಳು, "ಪಪ್ಪಾ, ನಿಮ್ಮೂರಲ್ಲೂ ಇಂಥ ಗಿಡ ಇದೆಯಾ?" ಅಂತ ಕೇಳಿದಳು. ಇದೆ ಅಂದೆ. ದೊಡ್ಡಪ್ಪನ ಮಾತನ್ನೂ ಹೇಳಿದೆ. ಆ ಫೈಲಿನ ವಿಷಯ ಅವಳಿಗೆ ಹೇಳಲಾಗಲಿಲ್ಲ. ಅದನ್ನು ಇಲ್ಲಿ ನಿಮ್ಮ ಮುಂದೆ ಬರೆದಿದ್ದೇನೆ.